ಕ್ಯಾಂಪಸ್‌ನ್ಯಾಗ ಯಾರರ ತ್ರಾಸ ಕೊಟ್ರ ಎಲ್ಲೆ ಹೇಳಬೇಕು? ಹುಡುಗ್ರು ಪದೇ ಪದೇ ಕೇಳೋ ಪ್ರಶ್ನೆಗಳು

ಹೊಸಾ ಬ್ಯಾಚ್ ಬಂದು ಹಾಸ್ಟೆಲ್ ರೂಮ್ ಹಂಚಿ ಮುಗಿದ ಕೂಡ್ಲೆ "ಅಕ್ಕಾ, ಒಂದ್ ಮಾತು ಕೇಳ್ಬೇಕಿತ್ತು, ಯಾರಿಗೂ ಹೇಳಬ್ಯಾಡ್ರಿ" ಅಂತ ಮೆಸೇಜ್ ಬರಾಕ ಹತ್ತತಾವ. ಕೇಳೋರು ಬ್ಯಾರೆ ಬ್ಯಾರೆ, ಕೇಳೋದು ಮಾತ್ರ ಹೆಚ್ಚುಕಡಿಮಿ ಅದ. ಅದಕ್ಕ ಎಲ್ಲಾ ಒಂದ ಕಡೆ ಬರದಿಟ್ಟೀನಿ, ಧಾರವಾಡದ ಕರ್ನಾಟಕ ವಿವಿ ಇರ್ಲಿ, ಹುಬ್ಬಳ್ಳಿ ನವನಗರದ ಕಾನೂನು ವಿವಿ ಇರ್ಲಿ, ಗದಗಿನ ಗ್ರಾಮೀಣಾಭಿವೃದ್ಧಿ ವಿವಿ ಇರ್ಲಿ, ಗೊಟಗೋಡಿ ಜಾನಪದ ವಿವಿ ಇರ್ಲಿ, ಇವುಗಳ ಕೆಳಗಿನ ಸಣ್ಣ ಡಿಗ್ರಿ ಕಾಲೇಜ್ ಇರ್ಲಿ, ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮ ಎಲ್ಲಾರಿಗೂ ಒಂದ.

ಅಕ್ಕಾ, ಏನರ ಆದ್ರ ಸೀದಾ ಪ್ರಿನ್ಸಿಪಾಲರ ಚೇಂಬರಿಗೆ ಹೋಗಿ ಹೇಳಿದ್ರ ಸಾಕಲ್ಲ?

ಹೇಳ್ರಿ, ತಪ್ಪೇನಿಲ್ಲ. ಆದ್ರ ಬಾಯಿಮಾತಿಲೆ ಹೇಳಿ ಬಂದ್ರ ಅದು ಕಂಪ್ಲೇಂಟ್ ಆಗೂದಿಲ್ಲ, ಬರೇ ಮಾತಾಗತೈತಿ. ನಾಳೆ "ನಮಗ ಯಾರೂ ಏನೂ ಹೇಳೇ ಇಲ್ಲ" ಅಂದ್ರ ನಿಮ್ಮ ಕಡೆ ಏನೂ ಉಳಿಯೂದಿಲ್ಲ. ಇನ್ನೊಂದ್ ಏನಂದ್ರ ಒಂದೊಂದು ತ್ರಾಸಕ್ಕ ಒಂದೊಂದು ಬಾಗಲಾ ಐತಿ. ಹುಬ್ಬಳ್ಳಿ ಬಸ್ ಹತ್ತಿ ಕುಂತ್ರ ಹಳಿಯಾಳ ಬರೂದಿಲ್ಲ ನೋಡ್ರಿ, ಹಂಗ. ರ‍್ಯಾಗಿಂಗಿಗೆ ಆ್ಯಂಟಿ ರ‍್ಯಾಗಿಂಗ್ ಕಮಿಟಿ ಮತ್ತ ಸ್ಕ್ವಾಡ್, ಲೈಂಗಿಕ ಕಿರುಕುಳಕ್ಕ ಆಂತರಿಕ ದೂರು ಸಮಿತಿ ಅಂದ್ರ ಐಸಿಸಿ, ಮಾರ್ಕ್ಸು ಫೀಸು ಸರ್ಟಿಫಿಕೇಟು ಗೈಡು ಈ ಥರದ್ದಕ್ಕ ವಿದ್ಯಾರ್ಥಿ ಕುಂದುಕೊರತೆ ಸಮಿತಿ, ಜಾತಿ ಹೆಸರಿಲೆ ತ್ರಾಸ ಕೊಟ್ರ ಎಸ್‌ಸಿ-ಎಸ್‌ಟಿ ಸೆಲ್, ಥೀಸಿಸ್ ಕದ್ರ ಅದಕ್ಕ ಮತ್ತೊಂದು ಬ್ಯಾರೆ ಸಮಿತಿ. ಪೊಲೀಸ್ ಸ್ಟೇಶನ್ ಅಂತೂ ಇದ್ದ ಐತಿ, ಅದರ ಬಾಗಲಾ ಯಾವ ಕಮಿಟಿಯಿಂದನೂ ಮುಚ್ಚೂದಿಲ್ಲ.

ಯಾವ ಬಾಗಲಾ ಅಂತ ಗೊತ್ತಾಗಲಿಲ್ಲಂದ್ರ ಪ್ರಿನ್ಸಿಪಾಲ್ ಅಥವಾ ಕುಲಸಚಿವರ ಹೆಸರಿಗೆ ಬರದು, "ಸಂಬಂಧಪಟ್ಟ ಸಮಿತಿಗೆ ಕಳಸಬೇಕು" ಅಂತ ಒಂದ್ ಸಾಲು ಸೇರಿಸ್ರಿ.

ಸೀನಿಯರ್ಸ್ ಹಾಡು ಹೇಳು, ಕುಣಿ ಅಂದ್ರು. ಇಷ್ಟಕ್ಕ ರ‍್ಯಾಗಿಂಗ್ ಅಂತಾರೇನು?

ನಿಮಗ ಮನಸ್ಸಿಲ್ಲದ್ದನ್ನ ಮಾಡಿಸಿ, ನಾಚಿಗಿ ಆಗೂ ಹಂಗ, ಅಂಜಿಕಿ ಬರೂ ಹಂಗ ಮಾಡಿದ್ರ ಹೌದು. 2009ರ ಯುಜಿಸಿ ನಿಯಮದಾಗ ಇದನ್ನ ಭಾಳ ಅಗಲ ಹಿಡದಾರ. ಹೊಡಿಯೂದು ಬಡಿಯೂದು ಅಷ್ಟ ಅಲ್ಲ, ಜೂನಿಯರ್ ಕಡಿಂದ ತಮ್ಮ ಅಸೈನ್‌ಮೆಂಟು ರೆಕಾರ್ಡು ಬರಸೂದು, ಚಹಾ ತಿಂಡಿ ಬಿಲ್ ಕೊಡಸೂದು, ರೊಕ್ಕಾ ವಸೂಲಿ ಮಾಡೂದು ಇವೂ ರ‍್ಯಾಗಿಂಗ. ರೆಕಾರ್ಡ್ ಬರದ ಕೊಡೂದನ್ನ "ಸೀನಿಯರ್‌ಗೆ ಹೆಲ್ಪ್" ಅಂತ ತಿಳ್ಕೊಂಡೋರು ನಮ್ಮ ಕಡೆ ಭಾಳ ಮಂದಿ ಅದಾರ, ಅದಕ್ಕ ಒತ್ತಿ ಹೇಳಾಕತ್ತೀನಿ.

2016ರಾಗ ಒಂದು ತಿದ್ದುಪಡಿ ಮಾಡಿ ಜಾತಿ, ಧರ್ಮ, ಬಣ್ಣ, ಲಿಂಗ, ನೋಡಾಕ ಹೆಂಗದಾರ ಅನ್ನೂದು, ಯಾವ ಊರು, ಯಾವ ಭಾಷಾ, ಮನಿ ಪರಿಸ್ಥಿತಿ ಹೆಂಗೈತಿ ಅನ್ನೂದು ಇವೆಲ್ಲಾ ಹಿಡಕೊಂಡು ಕಾಡೂದನ್ನೂ ಸೇರಿಸ್ಯಾರ. ರೋಣ, ಶಿರಹಟ್ಟಿ ಕಡಿಂದ ಬಂದ ಹುಡುಗನ ಮಾತು ಅಣಕಿಸಿ ಅಣಕಿಸಿ ಆವ ಕ್ಲಾಸಿನ್ಯಾಗ ಬಾಯೇ ತಗಿಲಾರದಂಗ ಮಾಡಿದ್ರ, ಕನ್ನಡ ಮೀಡಿಯಮ್ ಹುಡುಗಿಗೆ ಇಂಗ್ಲಿಷ್ ಬರೂದಿಲ್ಲ ಅಂತ ದಿನಾ ನಗಿ ಮಾಡಿದ್ರ, ಅದೂ ಇದರಾಗ ಬರತೈತಿ.

ಕ್ಯಾಂಪಸ್ ಹೊರಗ ಆದ್ರ? ಪಿಜಿಯೊಳಗ, ಬಸ್ಸಿನ್ಯಾಗ?

ಆದ್ರೂ ನಡಿತೈತಿ. ನಿಯಮದಾಗ ಕ್ಯಾಂಪಸ್ ಒಳಗ ಹೊರಗ ಎರಡೂ ಬರದಾರ, ಹುಡುಗ್ರು ಓಡಾಡೋ ಗಾಡಿ ಸರ್ಕಾರಿದಿರ್ಲಿ ಖಾಸಗಿ ಇರ್ಲಿ ಅದೂ ಸೇರೈತಿ. ಅಂದ್ರ ಧಾರವಾಡ ಸಪ್ತಾಪುರದ ಪಿಜಿ, ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸು, ಹಾವೇರಿಯಿಂದ ದಿನಾ ಬರೋ ಟ್ರೇನು ಎಲ್ಲಾ ಬಂತು. "ಅದು ನಮ್ಮ ಗೇಟಿನ ಹೊರಗ ಆಗಿದ್ದು, ನಮಗ ಸಂಬಂಧ ಇಲ್ಲ" ಅಂತ ಯಾರರ ಅಂದ್ರ ಮೆತ್ತಗ 2009ರ ನಿಯಮದ ಹೆಸರು ಹೇಳ್ರಿ.

ಇಲ್ಲೊಂದು ಬ್ಯಾರೆ ಮಾತು, ಸಪ್ತಾಪುರದಾಗ ಬರೇ ಕೆಎಎಸ್, ಪಿಎಸ್‌ಐ ಕೋಚಿಂಗಿಗೆ ಬಂದು ಯಾವ ಕಾಲೇಜಿಗೂ ಸೇರದ ಹುಡುಗ್ರಿಗೆ ಈ ಯುಜಿಸಿ ಕಮಿಟಿ ಸಿಗೂದಿಲ್ಲ. ಅವ್ರು ಸೀದಾ ಪೊಲೀಸರ ಕಡೆನ ಹೋಗಬೇಕು, ಅರ್ಜೆಂಟ್ ಇದ್ರ 112.

ರ‍್ಯಾಗಿಂಗ್ ಹೆಲ್ಪ್‌ಲೈನಿಗೆ ಫೋನ್ ಮಾಡಿದ್ರ ಖರೆನ ಏನರ ಆಗತೈತೇನು? ನಂದ ಹೆಸರು ಗೊತ್ತಾಗತೈತಿ ಅನ್ನೂ ಅಂಜಿಕಿ.

ನಂಬರ್ 1800-180-5522, ಟೋಲ್ ಫ್ರೀ, 24 ತಾಸು ಇರತೈತಿ. ಅಲ್ಲೆ ಕಂಪ್ಲೇಂಟ್ ಬರ್ಕೊಂಡು ನಿಮ್ಮ ಸಂಸ್ಥೆಗೆ ಕಳಸತಾರ, ಅಲ್ಲಿಂದ ಉತ್ತರ ಕೇಳತಾರ. ದಿಲ್ಲಿಯಿಂದ ಬಂದ ಮೇಲ್ ನೋಡಿದ ಕೂಡ್ಲೆ, ಊರಾಗ ಹತ್ತ್ ಸಲ ಹೇಳಿದ್ರೂ ಅಲುಗಾಡದ ಆಫೀಸು ಸ್ವಲ್ಪ ಅಲುಗಾಡತೈತಿ, ಅದನ್ನ ನಾನು ಕಣ್ಣಾರೆ ನೋಡೀನಿ. ಮಾಹಿತಿ ಕೊಟ್ಟೋರ ಗುರುತು ಕಾಪಾಡಬೇಕು, ಹೇಳಿದ್ರು ಅನ್ನೂ ಒಂದ ಕಾರಣಕ್ಕ ಅವ್ರಿಗೆ ತೊಂದ್ರಿ ಕೊಡಬಾರದು ಅಂತನೂ ನಿಯಮದಾಗ ಐತಿ, ಮತ್ತ ಇದು ತ್ರಾಸ ಅನುಭವಿಸಿದೋರಿಗಷ್ಟ ಅಲ್ಲ, ನೋಡಿದೋರಿಗೂ ಅನ್ವಯ. ಅಂದ್ರ ರೂಮ್‌ಮೇಟ್ ಪರವಾಗಿ ನೀವ ಫೋನ್ ಮಾಡಬಹುದು.

ಅಪರಾಧ ಅನ್ನಿಸೂ ಹಂಗ ಇದ್ರ ಸಂಸ್ಥೆ ಮುಖ್ಯಸ್ಥರು ವಿಷಯ ಗೊತ್ತಾದ 24 ತಾಸಿನೊಳಗ ಎಫ್‌ಐಆರ್ ಮಾಡಸಬೇಕು. "ನೋಡೋಣು, ಸೋಮವಾರ ಮೀಟಿಂಗ್ ಕರ್‌ಸ್ತೇವಿ" ಅನ್ನೂದಕ್ಕ ಇಲ್ಲೆ ಜಾಗ ಇಲ್ಲ. ಶಿಕ್ಷಾ ಅಂದ್ರ ಸಸ್ಪೆಂಡು, ಸ್ಕಾಲರ್‌ಶಿಪ್ ತಡಿಯೂದು, ಪರೀಕ್ಷಾಕ್ಕ ಕೂಡಸದಿರೂದು, ಹಾಸ್ಟೆಲಿಂದ ಹೊರಗ ಹಾಕೂದು, 1ರಿಂದ 4 ಸೆಮಿಸ್ಟರ್ ರಸ್ಟಿಕೇಟ್, ಅಡ್ಮಿಶನ್ ರದ್ದು, ಇಷ್ಟೆಲ್ಲಾ ಅದಾವ. ಮಾಡಿದೋರು ಯಾರಂತ ಗೊತ್ತಾಗದಿದ್ರ ಗುಂಪಿಗೆಲ್ಲಾ ಶಿಕ್ಷಾ ಕೊಡಬಹುದು ಅಂತನೂ ಐತಿ. ಗುಂಪು ಶಿಕ್ಷಾ ನನಗ ಅಷ್ಟು ಸರಿ ಅನ್ನಿಸೂದಿಲ್ಲ ಬಿಡ್ರಿ, ಸುಮ್ಮ ನಿಂತ ಹುಡುಗನೂ ಸಿಗತಾನ, ಆದ್ರ "ನಾನ್ ಬರೇ ನಿಂತು ನೋಡಿದ್ನಿ" ಅನ್ನೋರಿಗೆ ಅಷ್ಟು ಎಚ್ಚರ ಇರೂದು ಚಲೋನ.

ಒಬ್ರು ಸರ್ ಸುಮ್ಮಸುಮ್ಮನ ಮೈ ಮುಟ್ಟತಾರ, ರಾತ್ರಿ ಮೆಸೇಜ್ ಹಾಕತಾರ. ಎಚ್‌ಓಡಿಗೆ ಹೇಳಿದ್ರ "ಅವರ ಸ್ವಭಾವನ ಹಂಗ" ಅಂದ್ರು.

ಸ್ವಭಾವ ಮನ್ಯಾಗ ಇಟಗೊಳ್ಳಿ. ಇದು ಐಸಿಸಿಗೆ ಹೋಗೋ ವಿಷಯ, ಎಚ್‌ಓಡಿ ತೀರ್ಮಾನ ಮಾಡೋದಲ್ಲ. ಕೆಲಸದ ಜಾಗಾದಾಗ ಹೆಣ್ಮಕ್ಕಳ ಮ್ಯಾಲಿನ ಲೈಂಗಿಕ ಕಿರುಕುಳ ತಡಿಯೋ 2013ರ ಕಾಯ್ದೆ ಮತ್ತ 2015ರ ಯುಜಿಸಿ ನಿಯಮದ ಪ್ರಕಾರ ಈ ಸಮಿತಿ ಇರಾಕಬೇಕು. ಅಧ್ಯಕ್ಷರು ಹಿರಿಯ ಮಹಿಳಾ ಅಧ್ಯಾಪಕರು, ಇಬ್ಬರು ಅಧ್ಯಾಪಕರು, ಇಬ್ಬರು ಬೋಧಕೇತರ ಸಿಬ್ಬಂದಿ, ಹೊರಗಿನ ಸಂಸ್ಥೆಯವರು ಒಬ್ಬರು, ವಿಷಯ ವಿದ್ಯಾರ್ಥಿಗಳದಿದ್ರ ಮೂವರು ವಿದ್ಯಾರ್ಥಿಗಳು. ಅರ್ಧದಷ್ಟರ ಹೆಣ್ಮಕ್ಕಳಿರಬೇಕು. ಕುಲಪತಿ, ಕುಲಸಚಿವ, ಡೀನ್, ಎಚ್‌ಓಡಿ ಇಂಥಾ ಹುದ್ದೆಯವರು ಈ ಸಮಿತಿಯಾಗ ಕೂಡುವಂಗಿಲ್ಲ. ನಿಮ್ಮ ಕಾಲೇಜ್ ನೋಟಿಸ್ ಬೋರ್ಡಿನ್ಯಾಗ ಹೆಸರು ಹಾಕ್ಯಾರೇನು ನೋಡ್ರಿ, ಎಚ್‌ಓಡಿ ಹೆಸರು ಅದರಾಗ ಇದ್ರ ಮೊದಲ ಆಕ್ಷೇಪಣಾ ಅಲ್ಲೆ ಹಾಕ್ರಿ.

ಘಟನಾ ಆದ 3 ತಿಂಗಳೊಳಗ ಬರದು ಕೊಡಬೇಕು, ಮ್ಯಾಲಿಂದ ಮ್ಯಾಲ ಆಗಿದ್ರ ಕಡೀ ಘಟನಾದಿಂದ ಲೆಕ್ಕ. ತಡಾ ಆಗಾಕ ಸರಿಯಾದ ಕಾರಣ ಇದ್ರ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ಕೊಟ್ಟ ಮ್ಯಾಲ 7 ದಿನದಾಗ ಅದರ ಪ್ರತಿ ಆ ಕಡೆಯವರಿಗೆ ಹೋಗತೈತಿ, ಅವರು 10 ದಿನದಾಗ ಉತ್ತರ ಕೊಡಬೇಕು, ವಿಚಾರಣಾ 90 ದಿನದಾಗ ಮುಗಿಸಬೇಕು.

ವಿಚಾರಣಾ ನಡದಾಗ ಅದ ಸರ್ ನಿಮ್ಮ ಇಂಟರ್ನಲ್ಸ್ ಹಾಕಿದ್ರ ಹೆಂಗ ಅಂತ ಎಲ್ಲಾರೂ ಕೇಳತಾರ, ಇದು ಭಾಳ ಮುಖ್ಯ: ಅವರು ನಿಮ್ಮ ಪೇಪರ್ ಮುಟ್ಟಬಾರದು, ಮಾರ್ಕ್ಸ್ ಹಾಕಬಾರದು ಅಂತ ಆರ್ಡರ್ ಕೇಳಾಕ ಬರತೈತಿ, ಆದ್ರ ಕೇಳಿದ್ರ ಸಿಗತೈತಿ ಅನ್ನೂದು ನೆನಪಿರ್ಲಿ, ತಾನಾಗ ಬರೂದು ಕಡಿಮಿ. ಕಂಪ್ಲೇಂಟಿನ ಕಡೀ ಪ್ಯಾರಾದಾಗನ ಬರದಬಿಡ್ರಿ.

ಗಂಡ ಹುಡುಗ್ರಿಗೆ ಆದ್ರ? ತೃತೀಯ ಲಿಂಗದೋರಿಗೆ ಆದ್ರ? 2015ರ ನಿಯಮ ಅವರನ್ನೂ ಹೆಸರು ಹಿಡದು ಹೇಳೈತಿ. ನಗ್ತಾರ ಅಂತ ಸುಮ್ಮ ಕೂಡಬ್ಯಾಡ್ರಿ.

ನಮ್ಮದು ಹಳ್ಳಿ ಕಡೆ ಸಣ್ಣ ಕಾಲೇಜು, ಕಮಿಟಿನೂ ಇಲ್ಲ ಗಿಮಿಟಿನೂ ಇಲ್ಲ.

ಇಲ್ಲಂತ ಬರದ ಕೊಡ್ರಿ ಅಂತ ಕೇಳ್ರಿ, ಯಾರೂ ಕೊಡೂದಿಲ್ಲ, ಮರುದಿನ ಕಮಿಟಿ ಹುಟ್ಟತೈತಿ. ಕಂಪ್ಲೇಂಟ್ ಸಂಸ್ಥೆ ನಡಸೋರ ಮ್ಯಾಲನ ಇದ್ರ ಜಿಲ್ಲಾ ಮಟ್ಟದಾಗ ಸ್ಥಳೀಯ ಸಮಿತಿ ಅಂತ ಐತಿ, ಜಿಲ್ಲಾಧಿಕಾರಿ ಕಚೇರಿಯಾಗ ವಿಚಾರಿಸ್ರಿ. 181 ಮಹಿಳಾ ಸಹಾಯವಾಣಿಗೂ ಕೇಳಬಹುದು.

ಮತ್ತ ನಿಮ್ಮ ಕಾಲೇಜು ಯಾವ ವಿವಿ ಕೆಳಗ ಬರತೈತಿ ಗೊತ್ತಿರ್ಲಿ. ಎಂಜಿನಿಯರಿಂಗ್ ಭಾಳ ಮಂದೀದು ಬೆಳಗಾವಿ ವಿಟಿಯು, ಲಾ ಕಾಲೇಜು ನವನಗರದ ವಿವಿ, ಮೆಡಿಕಲ್ ನರ್ಸಿಂಗ್ ಬೆಂಗಳೂರಿನ ರಾಜೀವ್ ಗಾಂಧಿ ವಿವಿ. ಹಾವೇರಿ ಜಿಲ್ಲಾದೋರು ಮಾರ್ಕ್ಸ್ ಕಾರ್ಡ್ ಮ್ಯಾಲ ಕರ್ನಾಟಕ ವಿವಿ ಐತೋ ಹಾವೇರಿ ವಿವಿ ಐತೋ ಒಂದ್ ಸಲ ನೋಡ್ಕೊಂಡ ಮ್ಯಾಲ ಕವರ್ ಮ್ಯಾಲ ವಿಳಾಸ ಬರೀರಿ.

ಕಂಪ್ಲೇಂಟಿನ್ಯಾಗ ಏನ್ ಬರೀಬೇಕು? ನನಗ ಇಂಗ್ಲಿಷ್ ಬರೂದಿಲ್ಲ.

ಕನ್ನಡದಾಗ ಬರೀರಿ. ಕನ್ನಡದಾಗ ಬೈದಿದ್ದನ್ನ ಇಂಗ್ಲಿಷಿನ್ಯಾಗ ಬರದ್ರ ಅರ್ಧಾ ಖಾರ ಹೋಗತೈತಿ, ಅವರು ಏನ್ ಅಂದ್ರೋ ಅದ ಶಬ್ದ, ಎಷ್ಟ ಹೊಲಸಿದ್ರೂ, ಹಂಗ ಬರೀಬೇಕು. "ಅಸಭ್ಯವಾಗಿ ವರ್ತಿಸಿದರು" ಅಂತ ಬರದ್ರ ಕಮಿಟಿಗೆ ಏನೂ ತಿಳಿಯೂದಿಲ್ಲ. "ಇಂಥಾ ತಾರೀಖು, ಮಧ್ಯಾಹ್ನ ಎರಡೂವರಿ ಸುಮಾರು, ಲೈಬ್ರರಿ ಮ್ಯಾಲಿನ ಫ್ಲೋರ್, ಪತ್ರಿಕಾ ವಿಭಾಗದ ಕಡೆ, ನನ್ನ ಕೈ ಹಿಡದು ಹಿಂಗ ಅಂದ್ರು, ಆಗ ಅಲ್ಲೆ ಇಬ್ಬರು ಕುಂತಿದ್ರು, ಒಬ್ಬರ ಹೆಸರು ಗೊತ್ತು" — ಹಿಂಗ ಬರದ್ರ ಮುಂದಿನ ಪ್ರಶ್ನಿ ಕೇಳಾಕ ಅವರಿಗೂ ಸರಳ. ತಾರೀಖು ನೆನಪಿಲ್ಲಂದ್ರ "ಫಸ್ಟ್ ಇಂಟರ್ನಲ್ಸ್ ಮುಗಿದ ವಾರ" ಅಂತ ಬರೀರಿ, ಅಂದಾಜಿಲೆ ತಾರೀಖು ಹಾಕಬ್ಯಾಡ್ರಿ, ಅದೊಂದು ತಪ್ಪಾದ್ರ ಎಲ್ಲಾ ಸುಳ್ಳು ಅಂತ ಹಿಡಕೊಂಡು ಕೂಡತಾರ.

ನೋಡಿದ್ದು ಬ್ಯಾರೆ, ಕೇಳಿದ್ದು ಬ್ಯಾರೆ, ಎರಡೂ ಕಲಸಬ್ಯಾಡ್ರಿ. ಬ್ಯಾರೆ ಹುಡುಗಿಗೂ ಹಿಂಗ ಮಾಡ್ಯಾರ ಅಂತ ಗೊತ್ತಿದ್ರ ಆಕಿನ್ನ ಕೇಳದ ಆಕಿ ಹೆಸರು ಹಾಕಬ್ಯಾಡ್ರಿ.

ಮೆಸೇಜ್ ಇದ್ರ ಡಿಲೀಟ್ ಮಾಡಬ್ಯಾಡ್ರಿ, ಸಿಟ್ಟಿಗೆ ಎಷ್ಟೋ ಮಂದಿ ಮೊದಲ ಅದನ್ನ ಮಾಡತಾರ. ಸ್ಕ್ರೀನ್‌ಶಾಟ್‌ನ್ಯಾಗ ನಂಬರ್, ತಾರೀಖು, ಟೈಮ್ ಕಾಣಬೇಕು, ನಿಮ್ಮ ಉತ್ತರಾನೂ ಇರಬೇಕು, ಕತ್ತರಿಸಿದ್ದು ಕೊಟ್ರ ಆ ಕಡೆಯವರು ಪೂರ್ತಿ ಚಾಟ್ ತಂದು ಇಡತಾರ. ಫೋನ್ ಬದಲಿ ಮಾಡೂದಿದ್ರ ಬ್ಯಾಕಪ್ ಮಾಡ್ಕೊಂಡು ಹಳೇ ಫೋನ್ ಮಾರದ ಇಟಗೊಳ್ರಿ.

ಆವಕ ನಂಬರ್ ಅಂತಾರಲ್ಲ, ಅದೇನು?

ಆಫೀಸಿಗೆ ಬಂದ ಕಾಗದಕ್ಕ ಟಪಾಲ್ ಸೆಕ್ಷನ್ಯಾಗ ಸಿಕ್ಕಾ ಹೊಡದು ನಂಬರ್ ಹಾಕತಾರ. ಕಂಪ್ಲೇಂಟ್ ಎರಡು ಪ್ರತಿ ಒಯ್ರಿ, ಒಂದು ಕೊಡ್ರಿ, ನಿಮ್ಮ ಪ್ರತಿ ಮ್ಯಾಲ ಸಿಕ್ಕಾ, ನಂಬರ್, ತಾರೀಖು ಹಾಕಿಸ್ಕೊಂಡು ಬರ್ರಿ. ಐಸಿಸಿಗಾದ್ರ ಟಪಾಲಿಗೆ ಬಿಚ್ಚಿ ಕೊಡಬ್ಯಾಡ್ರಿ, ಕವರ್ ಅಂಟಿಸಿ "ಗೌಪ್ಯ, ಅಧ್ಯಕ್ಷರು, ಆಂತರಿಕ ದೂರು ಸಮಿತಿ" ಅಂತ ಬರದು ಕವರ್ ಮ್ಯಾಲಿನ ನಂಬರ್ ಅಷ್ಟ ತಗೋರಿ. ಕ್ಲರ್ಕ್ ತಗೊಳ್ಳೂದಿಲ್ಲ ಅಂದ್ರ ಜಗಳಾಡಾಕ ಹೋಗಬ್ಯಾಡ್ರಿ, ಸ್ಪೀಡ್ ಪೋಸ್ಟ್ ಮಾಡಿ ಅದರ ಚೀಟಿ ಇಟಗೊಂಡು, ಅದ ದಿನ ಮೇಲ್ ಕೂಡ ಹಾಕ್ರಿ. ಇದೊಂದು ಕೆಲಸ ಮಾಡಿದೋರ ಕಂಪ್ಲೇಂಟ್ ಕಳಿಯೂದು ಭಾಳ ಕಡಿಮಿ.

ಗೈಡ್ ಮನಿ ಕೆಲಸ ಹಚ್ಚತಾರ, ಚಾಪ್ಟರ್ ನೋಡೂದ ಇಲ್ಲ. ಕಾಲೇಜು ಒರಿಜಿನಲ್ ಸರ್ಟಿಫಿಕೇಟ್ ಕೊಡಾಕತ್ತಿಲ್ಲ. ಇವಕ್ಕ ಯಾರು?

ಎರಡೂ ಕುಂದುಕೊರತೆ ಸಮಿತಿಗೆ. 2023ರ ಯುಜಿಸಿ ನಿಯಮದಾಗ ಸರ್ಟಿಫಿಕೇಟ್ ತಡದು ಇಟಗೊಳ್ಳೂದು, ಹೆಚ್ಚಿನ ರೊಕ್ಕಾ ಕೇಳೂದು, ಮಾರ್ಕ್ಸ್ ಹಾಕೂದ್ರಾಗ ಪಾರದರ್ಶಕ ಇಲ್ಲದಿರೂದು, ಕಿರುಕುಳ ಎಲ್ಲಾ ಐತಿ. ಸಮಿತಿ 15 ಕೆಲಸದ ದಿನದಾಗ ವರದಿ ಕೊಡಬೇಕು. ಒಪ್ಪಿಗಿ ಆಗಲಿಲ್ಲಂದ್ರ 15 ದಿನದಾಗ ವಿವಿಯ ಓಂಬುಡ್ಸ್‌ಪರ್ಸನ್‌ಗೆ (ವಿದ್ಯಾರ್ಥಿಗಳ ಮೇಲ್ಮನವಿ ಕೇಳೋ ಅಧಿಕಾರಿಗೆ) ಮೇಲ್ಮನವಿ, ಅವರು 30 ದಿನದಾಗ ಮುಗಿಸಾಕ ನೋಡಬೇಕು.

ಗೈಡ್ ವಿಷಯಾ ಮಾತ್ರ ನಾಜೂಕು. ಕಂಪ್ಲೇಂಟ್ ಕೊಟ್ಟ ಮ್ಯಾಲ ಅವರ ಕೈಯಾಗ ಸಹಿ ಇರತೈತಿ. ಚಾಪ್ಟರ್ ಕೊಡೂದಿದ್ರ ಕೈಯಾಗ ಕೊಡಬ್ಯಾಡ್ರಿ, ಪ್ರತಿ ಸಲ ಮೇಲ್ ಮಾಡ್ರಿ, "ಸರ್, ಎರಡನೇ ಅಧ್ಯಾಯ ಲಗತ್ತಿಸೇನಿ" ಅಂತ ಒಂದ ಸಾಲು ಸಾಕು. ಆರ್ ತಿಂಗಳ ಮೇಲ್ ಒಂದರ ಕೆಳಗ ಒಂದು ಇದ್ರ ನೀವು ಹೆಚ್ಚಿಗಿ ಮಾತಾಡೂದ ಬ್ಯಾಡ. ಗೈಡ್ ಬದಲಿ ಕೇಳೂದಿದ್ರ ಕಂಪ್ಲೇಂಟಿನ್ಯಾಗ ಅದನ್ನೂ ಸ್ಪಷ್ಟ ಬರೀರಿ.

ನನ್ನ ಡೆಸರ್ಟೇಶನ್ ಇನ್ನೊಬ್ಬ ಕದ್ದಾನ.

2018ರ ಯುಜಿಸಿ ನಿಯಮ ಐತಿ ಇದಕ್ಕ. ಬ್ಯಾರೆಯವರ ಬರಹಕ್ಕ ಶೇ 10ರವರೆಗೆ ಹೊಂದಿದ್ರ ಶಿಕ್ಷಾ ಇಲ್ಲ, 10ರಿಂದ 40 ಆದ್ರ ತಿದ್ದಿ 6 ತಿಂಗಳೊಳಗ ಕೊಡಬೇಕು, 40ರಿಂದ 60 ಆದ್ರ ಒಂದ್ ವರ್ಷ ಕೊಡೂ ಹಂಗಿಲ್ಲ, 60ರ ಮ್ಯಾಲ ಹೋದ್ರ ರಿಜಿಸ್ಟ್ರೇಶನ್ ರದ್ದು. ಕಂಪ್ಲೇಂಟ್ ಕೊಡೂ ಮುಂದ ನಿಮ್ಮ ಪುಟ, ಅವನ ಪುಟ ಬಾಜೂ ಬಾಜೂ ಇಟ್ಟು ತೋರಸ್ರಿ. ಟೈಪಿಂಗ್ ಅಂಗಡಿಯಾಗ ನಿಮ್ಮ ಫೈಲ್ ಬಿಟ್ಟು ಬರೂ ರೂಢಿ ಇದ್ರ ಇವತ್ತ ಬಿಡ್ರಿ, ಭಾಳಷ್ಟು ಕಳ್ಳತನ ಅಲ್ಲಿಂದನ ಶುರು.

ಜಾತಿ ಹಿಡದು ಮಾತಾಡತಾರ.

ಎಸ್‌ಸಿ-ಎಸ್‌ಟಿ ಸೆಲ್ ಐತಿ, 2012ರ ಯುಜಿಸಿ ಸಮಾನತಾ ನಿಯಮದಾಗ ತಾರತಮ್ಯ ವಿರೋಧಿ ಅಧಿಕಾರಿ ಅಂತನೂ ಐತಿ. ಆದ್ರ ಎಸ್‌ಸಿ-ಎಸ್‌ಟಿ ಹುಡುಗ್ರಿಗೆ ನಾಲ್ಕು ಮಂದಿ ಕೇಳೂ ಹಂಗ ಜಾತಿ ಎತ್ತಿ ಬೈದ್ರ ಅದು 1989ರ ದೌರ್ಜನ್ಯ ತಡೆ ಕಾಯ್ದೆ ಕೆಳಗ ಅಪರಾಧ, ಎಫ್‌ಐಆರ್ ಮಾಡೂಕಿಂತ ಮೊದಲ ಪ್ರಾಥಮಿಕ ವಿಚಾರಣಾ ಬೇಕಂತಿಲ್ಲ, ತನಿಖಾ ಡಿವೈಎಸ್‌ಪಿ ಅಥವಾ ಎಸಿಪಿ ದರ್ಜೆಯವರು ಮಾಡತಾರ. ಮೆಸ್ಸಿನ್ಯಾಗ ಬ್ಯಾರೆ ತಾಟು ಇಡೂದು, ವೈವಾದಾಗ ಅಡ್ಡಹೆಸರು ಕೇಳಿ ಮಾರಿ ಸೊಟ್ಟ ಮಾಡೂದು, ಇವನ್ನೂ ತಾರೀಖು ಹಾಕಿ ಬರದಿಡ್ರಿ.

ಕ್ಲಾಸ್ ಗ್ರೂಪಿನ್ಯಾಗ ಒಬ್ಬಾಕಿ ಫೋಟೋ ಎಡಿಟ್ ಮಾಡಿ ಹಾಕ್ಯಾರ. ನಾನು ಸಿಆರ್ (ಕ್ಲಾಸ್ ಪ್ರತಿನಿಧಿ), ಏನ್ ಮಾಡ್ಲಿ?

ಫಾರ್ವರ್ಡ್ ಮಾಡಬ್ಯಾಡ್ರಿ, "ನೋಡ್ರಿ ಹಿಂಗ ಮಾಡ್ಯಾರ" ಅಂತ ಸರ್‌ಗೆ ತೋರಸಾಕ ಕೂಡ ಫೋಟೋ ಕಳಸಬ್ಯಾಡ್ರಿ. ಹಾಕಿದೋನ ನಂಬರ್, ಟೈಮ್ ಬರ್ಕೊಂಡು, ಮೊದಲ ಆ ಹುಡುಗಿಗೆ ಹೇಳ್ರಿ, ಮುಂದ ಏನ್ ಮಾಡಬೇಕು ಅನ್ನೂದು ಆಕಿ ಮಾತು. ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್ ಐತಿ, ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ ನೋಡೋ) ಪೊಲೀಸ್ ಠಾಣೆಗೂ ಹೋಗಬಹುದು. 1930 ಮುಖ್ಯವಾಗಿ ರೊಕ್ಕಾ ಹೋದಾಗಿನ ನಂಬರ್, ಹುಡುಗ್ರು ಎಲ್ಲಾದಕ್ಕೂ ಅದಕ್ಕ ಹಚ್ಚತಾರ.

"ಯಾಕ್ ದೊಡ್ಡದ ಮಾಡ್ತಿ, ರಾಜಿ ಮಾಡ್ಕೊ, ಕಾಲೇಜ್ ಹೆಸರು ಕೆಡತೈತಿ" ಅಂತ ಕೂಡಿಸ್ಕೊಂಡು ಹೇಳಾಕತ್ತಾರ.

ಹೇಳತಾರ, ಅದೂ ಚಹಾ ತರಿಸಿ, "ನೀ ನನ್ನ ಮಗಳಿದ್ದಂಗ" ಅಂತ ಹೇಳತಾರ. ಈ ಮಾತು ಬಂತಂದ್ರ ಹುಷಾರ್ ಆಗ್ರಿ. ಐಸಿಸಿ ವಿಷಯದಾಗ ರಾಜಿ ಅನ್ನೂದು ನೀವ ಕೇಳಿದ್ರ ಅಷ್ಟ ನಡಿಯೋದು, ರೊಕ್ಕಾ ಕೊಟ್ಟು ರಾಜಿ ಅಂತೂ ಇಲ್ಲವ ಇಲ್ಲ. ಅಲ್ಲೆ ಖಾಲಿ ಕಾಗದಕ್ಕ, ಅಥವಾ ಅವರ ಬರದ ಕಾಗದಕ್ಕ ಸಹಿ ಮಾಡಬ್ಯಾಡ್ರಿ. "ಮನ್ಯಾಗ ಕೇಳಿ ಹೇಳ್ತೇನ್ರಿ ಸರ್" ಅಂದು ಎದ್ದು ಬರ್ರಿ, ಒಬ್ಬರ ಹೋಗಬ್ಯಾಡ್ರಿ ಅಂತೂ ಬ್ಯಾರೆ ಹೇಳೂದ ಬ್ಯಾಡ. ಕಾಲೇಜಿನ ಕಮಿಟಿ ನಡದಾಗನ ಪೊಲೀಸ್ ಕಂಪ್ಲೇಂಟೂ ಕೊಡಾಕ ಬರತೈತಿ, ಘಟನಾ ಬ್ಯಾರೆ ಠಾಣೆ ಹದ್ದಿನ್ಯಾಗ ಆಗಿದ್ರೂ ಝೀರೋ ಎಫ್‌ಐಆರ್ ಮಾಡ್ಕೋಬೇಕು. ವಕೀಲರ ಫೀಸಿಗೆ ಅಂಜಬ್ಯಾಡ್ರಿ, ಹೆಣ್ಮಕ್ಕಳಿಗೆ, ಎಸ್‌ಸಿ-ಎಸ್‌ಟಿಯವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಾಗ ಪುಕ್ಕಟೆ ವಕೀಲರು ಸಿಗತಾರ, ನಂಬರ್ 15100.

ಸಾಬೀತಾಗಲಿಲ್ಲಂದ್ರ ನನ್ನ ಮ್ಯಾಲನ ಕೇಸ್ ಹಾಕತಾರಂತ?

ಸಾಬೀತು ಮಾಡಾಕ ಆಗಲಿಲ್ಲ ಅನ್ನೂದಕ್ಕ ಯಾವ ಶಿಕ್ಷಾನೂ ಇಲ್ಲ. ಬೇಕಂತನ ಸುಳ್ಳು ಹೇಳ್ಯಾರ ಅಂತ ವಿಚಾರಣಾ ಮಾಡಿ ತೋರಿಸಿದ್ರ ಅಷ್ಟ. ಅಂಜಸಾಕ ಈ ಮಾತು ಉಪಯೋಗಸತಾರ.

ನನ್ನ ಮ್ಯಾಲನ ಕಂಪ್ಲೇಂಟ್ ಆಗೈತಿ. ನಾನು ಹಂಗೇನೂ ಮಾಡಿಲ್ಲ.

ಇದೂ ಬರಬೇಕಾದ ಪ್ರಶ್ನಿನ. ಕಂಪ್ಲೇಂಟ್ ಪ್ರತಿ ತಗೊಳ್ಳೂ ಹಕ್ಕು ನಿಮಗೈತಿ, ಉತ್ತರ ಕೊಡಾಕ ಟೈಮ್ ಐತಿ, ನಿಮ್ಮ ಸಾಕ್ಷಿ ಹೇಳಸಾಕ ಬರತೈತಿ. ಆದ್ರ ಕಂಪ್ಲೇಂಟ್ ಕೊಟ್ಟೋರಿಗೆ ಫೋನ್ ಮಾಡಬ್ಯಾಡ್ರಿ, ಗೆಳ್ಯಾರನ್ನ ಕಳಸಬ್ಯಾಡ್ರಿ, ಸ್ಟೇಟಸ್ ಹಾಕಬ್ಯಾಡ್ರಿ. ಏನೂ ಮಾಡದಾವ ಕಂಪ್ಲೇಂಟ್ ಆದ ಮ್ಯಾಲ ಆಕಿ ಪಿಜಿ ಮುಂದ ಹೋಗಿ ನಿಂತು ತಪ್ಪು ಮಾಡೂದು ಆಗತೈತಿ.

ಗೆಳತಿ ಅತ್ತು ಎಲ್ಲಾ ಹೇಳ್ಯಾಳ, ಆದ್ರ ಕಂಪ್ಲೇಂಟ್ ಬ್ಯಾಡ ಅಂತಾಳ. ಊಟ ಮಾಡೂದಿಲ್ಲ, ಮಲಗೂದಿಲ್ಲ.

ಆಕಿ ಬ್ಯಾಡ ಅಂದ್ರ ಅವಸರ ಮಾಡಬ್ಯಾಡ್ರಿ, ಆದ್ರ ಆಕಿನ್ನ ಕೇಳಿ, ಆಕಿ ಹೇಳಿದ್ದನ್ನ ಆಕಿ ಮುಂದನ ತಾರೀಖಿನ ಸಮೇತ ಒಂದ ನೋಟ್‌ಬುಕ್ಕಿನ್ಯಾಗ ಬರದಿಡ್ರಿ, ಮುಂದ ಮನಸ್ಸು ಬದಲಾದ್ರ 3 ತಿಂಗಳ ಲೆಕ್ಕ ಇರತೈತಿ. ಒಬ್ಬಾಕಿನ್ನ ರೂಮಿನ್ಯಾಗ ಬಿಡಬ್ಯಾಡ್ರಿ. ಮನಸ್ಸಿನ ತ್ರಾಸಕ್ಕ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಾಗ ಮಾತಾಡತಾರ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯದ ಸರ್ಕಾರಿ ದವಾಖಾನಿ, ಅಲ್ಲೆ ಹೋಗಾಕ ನಾಚಿಗಿ ಪಡೋದೇನಿಲ್ಲ, ಪರೀಕ್ಷಾ ಟೆನ್ಶನ್ ಅಂತ ಎಷ್ಟೋ ಹುಡುಗ್ರು ಹೋಗತಾರ. ಜೀವಕ್ಕ ಏನರ ಮಾಡ್ಕೋತೇನಿ ಅನ್ನೂ ಮಾತು ಬಂದ್ರ ಮಾತ್ರ ಗುಟ್ಟು ಗಿಟ್ಟು ಬಾಜೂಕ ಇಟ್ಟು ವಾರ್ಡನ್‌ಗೆ, ಮನ್ಯಾಗ, 112ಕ್ಕ ತಕ್ಷಣ ಹೇಳ್ರಿ.

ಮನಿಗೆ ಗೊತ್ತಾಗತೈತೇನು?

ನಿಮಗ 18 ಆಗಿದ್ರ ಕಮಿಟಿಯವರು ಮನಿಗೆ ಹೇಳಬೇಕಂತ ಇಲ್ಲ, ಐಸಿಸಿ ವಿಷಯ ಬಹಿರಂಗ ಮಾಡೂದು ಕಾನೂನಿಗೆ ವಿರುದ್ಧ. ಊರಾಗಿನ ಬಾಯಿ ಮುಚ್ಚೂ ನಿಯಮ ಮಾತ್ರ ಯಾವುದೂ ಇಲ್ಲ. ಅದಕ್ಕ ಮಂದಿ ಬಾಯಿಂದ ತಿಳಿಯೂಕಿಂತ ಮೊದಲ ಅವ್ವಗರ ಅಣ್ಣಗರ ನೀವ ಹೇಳೂದು ಪಾಡ ಅಂತ ನನ್ನ ಅಭಿಪ್ರಾಯ, ಆದ್ರ ನಿಮ್ಮ ಮನಿ ನಿಮಗ ಗೊತ್ತು.

ಕೊಟ್ಟು ತಿಂಗಳ ಮ್ಯಾಲಾತು, ಸುದ್ದೀನ ಇಲ್ಲ.

ಮೊದಲ ಒಂದು ಜ್ಞಾಪನಾ ಪತ್ರ, ಹಳೇ ಆವಕ ನಂಬರ್ ಹಾಕಿ. ಆಮ್ಯಾಲ ಆರ್‌ಟಿಐ. ಸರ್ಕಾರಿ ವಿವಿಗೆ 10 ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ "ಇಂಥಾ ನಂಬರಿನ ನನ್ನ ದೂರಿನ ಮೇಲೆ ತೆಗೆದುಕೊಂಡ ಕ್ರಮದ ದಾಖಲೆಗಳ ಪ್ರತಿ ಕೊಡಿ" ಅಂತ ಬರೀರಿ, 30 ದಿನದಾಗ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಾಗ ಒಂದು ಅರ್ಜಿಗೆ ಒಂದ ವಿಷಯ, 150 ಶಬ್ದದೊಳಗ, ಅದಕ್ಕ ಇಡೀ ಕತಿ ಬರೀಬ್ಯಾಡ್ರಿ, ಬರದ್ರ ಅದನ್ನ ನೆಪ ಮಾಡಿ ತಿರುಗಿ ಕಳಸತಾರ. ಐಸಿಸಿ ವಿಚಾರಣಾದ ಒಳಗಿನ ವಿಷಯಕ್ಕ ಮಾತ್ರ ಆರ್‌ಟಿಐ ನಡಿಯೂದಿಲ್ಲ, ಅಲ್ಲೆ ದೂರು ಕೊಟ್ಟೋರಿಗೆ ವರದಿ ಪ್ರತಿ ಸಮಿತಿನ ಕೊಡಬೇಕು, ಕೊಡಲಿಲ್ಲಂದ್ರ ಅಧ್ಯಕ್ಷರ ಹೆಸರಿಗೆ ಬರದು ಕೇಳ್ರಿ. ವರದಿ ಒಪ್ಪಿಗಿ ಆಗಲಿಲ್ಲಂದ್ರ 30 ದಿನದಾಗ ಮೇಲ್ಮನವಿ ಹಾಕಬೇಕು, ಅದಕ್ಕ ವರದಿ ಕೈಗೆ ಬಂದ ದಿನಾನ ಅದರ ಮ್ಯಾಲ ತಾರೀಖು ಹಾಕಿಸ್ಕೊಂಡು ಸಹಿ ಮಾಡ್ರಿ.